ತಾಯಿಗೂ ಕೂಸಿಗೂ ಒಂದೇ ವಾರ್ಡು

ಕಾಶೀಯಾತ್ರೆಯೆಂಬುದು ಕನ್ನಡಿಗರ ಪಾಲಿಗೆ ಇಂದಿಗೂ ಜೀವಮಾನದ ಒಂದು ಸಾರ್ಥಕ ಕಾರ್ಯವಾಗಿ ಉಳಿದಿದೆ. ಮುಂಬಯಿಯಿಂದ ಹೊರಡುವ ಕನ್ನಡ ಕುಟುಂಬಗಳು ಜಂಗಮವಾಡಿ ಮಠದಲ್ಲಿಯೋ ಘಾಟುಗಳ ಹಿಂದಿನ ಛತ್ರಗಳಲ್ಲಿಯೋ ಇಳಿದುಕೊಳ್ಳುತ್ತವೆ; ಹನುಮಾನ್ ಘಾಟ್ ಮತ್ತು ಹರಿಶ್ಚಂದ್ರ ಘಾಟ್‌ಗಳ ನಡುವೆ ಮೈಸೂರು ಸಂಸ್ಥಾನವು ಕಟ್ಟಿಸಿದ ಕರ್ನಾಟಕ ಘಾಟ್‌ನ ಮೆಟ್ಟಿಲುಗಳ ಮೇಲೆ ನಿಂತು ಹೆಮ್ಮೆಪಡುತ್ತವೆ; ವಿಶ್ವನಾಥನ ದರ್ಶನ ಮಾಡಿ, ಅನ್ನಪೂರ್ಣೆಯ ಮುಂದೆ ಕೈಮುಗಿದು, ಗಂಗೆಯ ಗಿಂಡಿಯನ್ನು ಬೆಸುಗೆ ಹಾಕಿಸಿಕೊಂಡು ಹಿಂದಿರುಗುತ್ತವೆ. ಅದೇ ಗಂಗೆಯು ಕಾಶಿಯಿಂದ ಪೂರ್ವಕ್ಕೆ ಹರಿದು ಘಾಜಿಪುರವೆಂಬ ಊರನ್ನು ಮುಟ್ಟುತ್ತದೆ. ರಸ್ತೆಯ ಮೂಲಕ ಹೋದರೆ ಎರಡು ಗಂಟೆಯ ದಾರಿ. ಯಾತ್ರಿಕರು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ನೋಡಲು ದೇವಸ್ಥಾನಕ್ಕಿಂತ ಹೆಚ್ಚಾಗಿ ಒಂದು ಕಾರ್ಖಾನೆಯಿದೆ. ಅದು 1820ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಸ್ಥಾಪಿಸಿದ ಅಫೀಮಿನ ಕಾರ್ಖಾನೆ.

ಕಂಪೆನಿಯ ಅಫೀಮಿನ ವ್ಯಾಪಾರಕ್ಕೆ ಪಟ್ನಾ ಮತ್ತು ಬನಾರಸ್ ಎಂಬ ಎರಡು ಏಜೆನ್ಸಿಗಳಿದ್ದುವು. ಬನಾರಸ್ ಏಜೆನ್ಸಿಯ ಕೇಂದ್ರಸ್ಥಾನವೇ ಘಾಜಿಪುರ. ಸುತ್ತಲಿನ ರೈತರ ಹೊಲಗಳಿಂದ ಬಂದ ಗಸಗಸೆಯ ಹಾಲು ಇಲ್ಲಿ ಉಂಡೆಯಾಗಿ, ಪೆಟ್ಟಿಗೆ ಸೇರಿ, ಕಲ್ಕತ್ತೆಯಲ್ಲಿ ಹರಾಜಾಗಿ, ಚೀನಾದೇಶವನ್ನು ಸೇರುತ್ತಿತ್ತು. ಆ ಕಾಲ ಮುಗಿಯಿತು, ಕಾರ್ಖಾನೆ ಮುಗಿಯಲಿಲ್ಲ. ಇಂದು ಅದು ಭಾರತ ಸರಕಾರದ ಅರ್ಥ ಸಚಿವಾಲಯದ ಅಧೀನದಲ್ಲಿದ್ದು, ಅಫೀಮಿನಿಂದ ಮಾರ್ಫಿನ್, ಕೊಡೀನ್ ಮೊದಲಾದ ಔಷಧದ್ರವ್ಯಗಳನ್ನು ತೆಗೆಯುತ್ತದೆ. ಕ್ಯಾನ್ಸರ್ ರೋಗಿಯ ಕಡೆಯ ದಿನಗಳ ಯಾತನೆಯನ್ನು ತಗ್ಗಿಸುವ ಮಾರ್ಫಿನ್ ಬರುವುದು ಅದೇ ಗಿಡದ ಹಾಲಿನಿಂದ. ಓಣಿಯ ಮೂಲೆಯಲ್ಲಿ ಬೆಗಡೆ ಕಾಗದದ ಮೇಲೆ ಸುಟ್ಟು ಸೇದುವ ಬ್ರೌನ್ ಶುಗರ್ ಬರುವುದೂ ಅದೇ ಗಿಡದ ಹಾಲಿನಿಂದ. ವಸ್ತು ಒಂದೇ ಆಗಿದ್ದು ಒಬ್ಬನನ್ನು ರೋಗಿಯೆಂದೂ ಇನ್ನೊಬ್ಬನನ್ನು ಅಪರಾಧಿಯೆಂದೂ ಕರೆಯುವುದು ಸಮಾಜಕ್ಕೆ ಅಭ್ಯಾಸವಾಗಿಹೋಗಿದೆ. ಆ ಇನ್ನೊಬ್ಬರು ಹೆಂಗಸಾಗಿದ್ದು, ಅವಳು ಬಸುರಿಯೂ ಆಗಿದ್ದರೆ ಅವಳನ್ನು ಏನೆಂದು ಕರೆಯಬೇಕೆಂಬುದೇ ಈ ಲೇಖನದ ವಿಚಾರ.

ಅಫೀಮಿಗೂ ಹಸುಗೂಸಿಗೂ ಇರುವ ನಂಟು ಮುಂಬಯಿಯ ಹಳಬರಿಗೆ ಹೊಸದಲ್ಲ. ಬಟ್ಟೆಯ ಗಿರಣಿಗಳು ಹಗಲಿರುಳು ನಡೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಹೋಗುವ ತಾಯಂದಿರು ಕೂಸು ಅಳದೆ ಮಲಗಿರಲೆಂದು ಅಫೀಮು ಬೆರೆಸಿದ ‘ಬಾಲಗೋಲಿ’ಯನ್ನು ನೆಕ್ಕಿಸಿ ಚಾಳಿನಲ್ಲಿ ಬಿಟ್ಟುಹೋಗುತ್ತಿದ್ದರು. 1920ರ ದಶಕದ ಆದಿಯಲ್ಲಿ ಗಿರಣಿಯ ಸ್ತ್ರೀಯರ ಹೆರಿಗೆಯ ಪರಿಸ್ಥಿತಿಯನ್ನು ಪರಿಶೀಲಿಸಿದ ಬಾರ್ನ್ಸ್ ಎಂಬ ವೈದ್ಯೆಯು, ಆ ಸ್ತ್ರೀಯರಲ್ಲಿ ಬಹುತೇಕ ಎಲ್ಲರೂ ಕೂಸುಗಳಿಗೆ ಅಫೀಮು ಕೊಡುತ್ತಿದ್ದರೆಂದು ವರದಿ ಮಾಡಿದ್ದಾಳೆ. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ಗಿರಣಿಯಲ್ಲಿ ಕೂಸಿಗೆ ಜಾಗವಿಲ್ಲದೆ, ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತಿಸಲಾರದೆ ಹಾಗೆ ಮಾಡಿದರು. ಅವರನ್ನು ಜೈಲಿಗೆ ಕಳಿಸಬೇಕೆಂದು ಯಾವ ವಿವೇಕಿಯೂ ಹೇಳಲಾರ. ಶಿಶುವಿಹಾರ ಬೇಕು, ಹೆರಿಗೆಯ ರಜೆ ಬೇಕು ಎಂಬ ಕೂಗು ಎದ್ದುದು ಇಂಥ ಪರಿಸ್ಥಿತಿಯಿಂದಲೇ. ಇಂದಿನ ವ್ಯಸನಿ ತಾಯಿಯ ವಿಷಯದಲ್ಲಿ ಮಾತ್ರ ಈ ವಿವೇಕ ಎಲ್ಲಿಯೋ ಮಾಯವಾಗುತ್ತದೆ.

ಕಾಶಿಯನ್ನೇ ನೋಡಬಹುದು. ಅಲ್ಲಿ ಸರಕಾರದ ಪರವಾನಿಗೆ ಪಡೆದ ಭಂಗಿಯ ಅಂಗಡಿಗಳಿವೆ. 1985ರ ಮಾದಕ ದ್ರವ್ಯಗಳ ಕಾಯಿದೆಯು ಗಾಂಜಾ ಗಿಡದ ಹೂಗೊಂಚಲನ್ನೂ ಅಂಟನ್ನೂ ನಿಷೇಧಿಸಿ, ಬರಿಯ ಎಲೆಯನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿರುವುದೇ ಇದಕ್ಕೆ ಆಧಾರ. ಠಂಡಾಯಿಯಲ್ಲಿ ಭಂಗಿಯನ್ನು ಅರೆದು ಕುಡಿದ ಗಂಡಸು ಘಾಟಿನ ಕಟ್ಟೆಯ ಮೇಲೆ ಕುಳಿತರೆ ಅವನನ್ನು ‘ಬನಾರಸಿ ಮಸ್ತಿ’ಯ ಮನುಷ್ಯನೆಂದು ಹೊಗಳುವವರಿದ್ದಾರೆ. ಬಾಯಿತುಂಬ ಜರ್ದಾ ಬೀಡಾ ಹಾಕಿಕೊಂಡವನಂತೂ ಆ ಊರಿನ ಶೋಭೆಯೆಂದೇ ಗಣಿತನಾಗುತ್ತಾನೆ. ಅದೇ ಜರ್ದಾವನ್ನು, ಅದೇ ಸುರ್ತಿಯನ್ನು ಹೆಂಗಸೂ ತಿನ್ನುತ್ತಾಳೆ. ಸೆರಗಿನ ಮರೆಯಲ್ಲಿ ತಿನ್ನುತ್ತಾಳೆ. ಹೊಗೆಸೊಪ್ಪು ಮಾದಕ ದ್ರವ್ಯವಲ್ಲವೆಂದು ವಾದಿಸುವವರು 2004ರಲ್ಲಿ ಪ್ರಕಟವಾದ ಮುಂಬಯಿಯ ಒಂದು ಅಧ್ಯಯನವನ್ನು ನೆನೆಯಬೇಕು. 1217 ಗರ್ಭಿಣಿಯರನ್ನು ಹೆರಿಗೆಯವರೆಗೂ ಅನುಸರಿಸಿ ನೋಡಿದಾಗ, ಮಿಶ್ರಿ ಮೊದಲಾದ ಹೊಗೆಯಿಲ್ಲದ ತಂಬಾಕನ್ನು ಬಳಸುವವರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು; ದಿನ ತುಂಬುವ ಮುನ್ನ ಹುಟ್ಟುವ ಸಂಭವವೂ ಅವುಗಳಲ್ಲಿ ಹೆಚ್ಚಾಗಿತ್ತು. ಎರಡೂವರೆ ಕಿಲೋ ತೂಗಬೇಕಾದ ಕೂಸಿಗೆ ನೂರು ಗ್ರಾಂ ಸಣ್ಣ ಸಂಗತಿಯಲ್ಲ.

ಇನ್ನು ಅಂಕಿ ಅಂಶಗಳು. ಕೇಂದ್ರ ಸರಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಫೀಮು ವರ್ಗದ ವಸ್ತುಗಳಿಂದಾಗಿ ಚಿಕಿತ್ಸೆಯ ಅಗತ್ಯವಿರುವವರು ದೇಶದಲ್ಲಿ ಸುಮಾರು 77 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿರುವ ಕೆಲವೇ ರಾಜ್ಯಗಳ ಪಟ್ಟಿಯಲ್ಲಿ ಕಾಶಿಯಿರುವ ಉತ್ತರ ಪ್ರದೇಶವೂ ಇದೆ, ಮುಂಬಯಿಯಿರುವ ಮಹಾರಾಷ್ಟ್ರವೂ ಇದೆ. ಅದೇ ಸಮೀಕ್ಷೆಯು ಮದ್ಯ ಸೇವಿಸುವ ಗಂಡಸರು ನೂರಕ್ಕೆ 27.3 ಎಂದೂ ಹೆಂಗಸರು ನೂರಕ್ಕೆ 1.6 ಎಂದೂ ಹೇಳುತ್ತದೆ. ಈ ಎರಡನೆಯ ಅಂಕಿಯನ್ನು ಓದಿ ಸಮಾಧಾನಪಡುವವರು ಒಂದು ಮಾತನ್ನು ಯೋಚಿಸಬೇಕು: ಮನೆಯ ಬಾಗಿಲಲ್ಲಿ ನಿಂತು ಕೇಳುವ ಅಪರಿಚಿತನಿಗೆ ಎಷ್ಟು ಮಂದಿ ಸೊಸೆಯಂದಿರು ಅತ್ತೆಯ ಎದುರಿನಲ್ಲಿ ಸತ್ಯವನ್ನು ಹೇಳಿಯಾರು? ಲೆಕ್ಕಪತ್ರದಲ್ಲಿ ಕಾಣದ ಸಾಲವೇ ಅಪಾಯಕಾರಿಯಾದ ಸಾಲವೆಂಬುದು ವ್ಯಾಪಾರ ಬಲ್ಲವರಿಗೆಲ್ಲ ತಿಳಿದ ಸಂಗತಿ.

ಕಾಶಿಯ ಯಾವುದೋ ನೇಕಾರರ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆಂದು ಇಟ್ಟುಕೊಳ್ಳಿ. ಮೊದಲ ಹೆರಿಗೆಯ ಅನಂತರದ ಸೊಂಟನೋವಿಗೆ ಗಂಡನು ಮೂಲೆಯ ಅಂಗಡಿಯಿಂದ ಟ್ರಮಡಾಲ್ ಮಾತ್ರೆ ತಂದುಕೊಟ್ಟ. ನೋವು ಹೋಯಿತು, ಮಾತ್ರೆ ಉಳಿಯಿತು. ಮಾತ್ರೆ ಸಿಗದ ದಿನ ಮೈಕೈ ಮುರಿದು, ಮೂಗು ಸೋರಿ, ಹೊಟ್ಟೆ ತೊಳಸಿದಾಗ ಗಂಡನು ತಾನು ಸೇದುವ ಪುಡಿಯನ್ನೇ ಅವಳಿಗೂ ಕೊಟ್ಟ. ಆರು ತಿಂಗಳ ಮೇಲೆ ಅವಳು ಮತ್ತೆ ಬಸುರಿಯಾದಳು. ತಾನು ಮಾಡುತ್ತಿರುವುದು ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆಯೇ ಅವಳನ್ನು ಆಸ್ಪತ್ರೆಯ ಮೆಟ್ಟಿಲು ಹತ್ತದಂತೆ ತಡೆಯುತ್ತದೆ. ಹೇಳಿದರೆ ವೈದ್ಯರು ಬೈಯುತ್ತಾರೆ, ದಾದಿಯರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ, ಪೊಲೀಸರಿಗೆ ಸುದ್ದಿ ಹೋಗುತ್ತದೆ, ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂಬ ನಾಲ್ಕು ಭಯಗಳು ಅವಳ ಬೆನ್ನಿಗಿವೆ. ಧೈರ್ಯ ಮಾಡಿ ಹೋದರೂ ಆಗುವುದೇನು? ಹೆರಿಗೆಯ ವಿಭಾಗದವರು ‘ಇದು ಮನೋವೈದ್ಯರ ಕೆಲಸ’ ಎನ್ನಬಹುದು. ವ್ಯಸನ ಬಿಡಿಸುವವರು ‘ಮೊದಲು ಹೆರಿಗೆಯಾಗಲಿ’ ಎನ್ನಬಹುದು. ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ ಅಲೆದಾಡಿಸಲ್ಪಟ್ಟ ಬಡವರು ಮೂರನೆಯ ಸಲ ಬರುವುದಿಲ್ಲವೆಂಬುದಕ್ಕೆ ಯಾವ ಸಮೀಕ್ಷೆಯೂ ಬೇಕಾಗಿಲ್ಲ.

ಸಾಮಾನ್ಯ ಜನರ ಸಲಹೆ ಒಂದೇ: ‘ಬಿಟ್ಟುಬಿಡಲಿ, ಇವತ್ತೇ ಬಿಟ್ಟುಬಿಡಲಿ.’ ಮೇಲುನೋಟಕ್ಕೆ ನ್ಯಾಯವಾಗಿ ಕಾಣುವ ಈ ಮಾತು ವೈದ್ಯಶಾಸ್ತ್ರದ ದೃಷ್ಟಿಯಿಂದ ಅಪಾಯಕರವಾದುದು. ಅಫೀಮು ವರ್ಗದ ವಸ್ತುವು ತಾಯಿಯ ರಕ್ತದಿಂದ ಮಾಸುವನ್ನು ದಾಟಿ ಭ್ರೂಣವನ್ನು ಸೇರುತ್ತದೆ. ತಾಯಿಯ ದೇಹದಂತೆಯೇ ಭ್ರೂಣದ ದೇಹವೂ ಅದಕ್ಕೆ ಒಗ್ಗಿಕೊಂಡಿರುತ್ತದೆ. ತಾಯಿಯು ಒಮ್ಮೆಗೇ ನಿಲ್ಲಿಸಿದರೆ ಆ ತಳಮಳವು ಒಳಗಿನ ಜೀವಕ್ಕೂ ತಟ್ಟುತ್ತದೆ. ಗರ್ಭಪಾತವಾಗುವ, ದಿನ ತುಂಬದೆ ಹೆರಿಗೆಯಾಗುವ ಅಪಾಯವಿದೆ. ಇನ್ನೂ ದೊಡ್ಡ ಅಪಾಯವೆಂದರೆ, ಹಾಗೆ ಹಟದಿಂದ ಬಿಟ್ಟವರಲ್ಲಿ ಹೆಚ್ಚಿನವರು ಕೆಲವು ದಿನಗಳಲ್ಲಿ ಮತ್ತೆ ಅದರ ಬಳಿಗೇ ಹೋಗುತ್ತಾರೆ. ಒಗ್ಗಿಕೆ ತಗ್ಗಿದ ದೇಹಕ್ಕೆ ಹಿಂದಿನ ಪ್ರಮಾಣವೇ ಪ್ರಾಣಾಂತಿಕವಾಗುತ್ತದೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ, ಇಂಥ ಗರ್ಭಿಣಿಯರಿಗೆ ಬರಿಯ ಬಿಡಿಸುವಿಕೆಗಿಂತ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಎಂಬ ಬದಲಿ ಔಷಧವನ್ನು ಅಳತೆಯಿಂದ ಕೊಡುತ್ತ ಹೋಗುವುದೇ ಮೇಲೆಂದು ಹೇಳಿದೆ.

‘ಒಂದು ವಿಷದ ಬದಲು ಇನ್ನೊಂದು ವಿಷ’ ಎಂದು ಮೂಗುಮುರಿಯುವವರಿಗೆ ಬ್ಯಾಂಕಿನ ವ್ಯವಹಾರದಿಂದ ಒಂದು ಹೋಲಿಕೆ ಕೊಡಬಹುದು. ಬೆಳೆ ನಷ್ಟವಾದ ರೈತನ ಸಾಲವನ್ನು ಒಂದೇ ದಿನದಲ್ಲಿ ವಸೂಲು ಮಾಡಲು ಹೋದರೆ ಸಾಲವೂ ಬರುವುದಿಲ್ಲ, ರೈತನೂ ಉಳಿಯುವುದಿಲ್ಲ. ಕಂತುಗಳನ್ನು ಮರುಹೊಂದಿಸಿ, ಅವನು ಮತ್ತೆ ಉಳುವಂತೆ ಮಾಡಿದರೆ ಎರಡೂ ಉಳಿಯುತ್ತವೆ. ಬದಲಿ ಔಷಧದ ತತ್ತ್ವವೂ ಇದೇ. ದಿನಕ್ಕೊಮ್ಮೆ ವೈದ್ಯರ ಕಣ್ಣೆದುರು ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯು ಅವಳನ್ನು ಪುಡಿಯ ಹಿಂದೆ ಓಡುವ ಬದುಕಿನಿಂದ ಬಿಡಿಸುತ್ತದೆ; ಹೊತ್ತಿಗೆ ಊಟ, ನಿದ್ರೆ, ಕಬ್ಬಿಣದ ಮಾತ್ರೆ, ಗರ್ಭಿಣಿಯ ತಪಾಸಣೆಗಳಿಗೆ ಅವಳು ಒದಗುತ್ತಾಳೆ. 2010ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ ಈ ಎರಡು ಔಷಧಗಳನ್ನು ತೂಗಿ ನೋಡಲಾಯಿತು. ಬ್ಯುಪ್ರೆನಾರ್ಫಿನ್ ಪಡೆದ ತಾಯಂದಿರ ಕೂಸುಗಳಿಗೆ ಮೆಥಡೋನ್ ಪಡೆದವರ ಕೂಸುಗಳಿಗಿಂತ ನೂರಕ್ಕೆ 89ರಷ್ಟು ಕಡಿಮೆ ಮಾರ್ಫಿನ್ ಸಾಕಾಯಿತು, ಆಸ್ಪತ್ರೆವಾಸವೂ ನೂರಕ್ಕೆ 43ರಷ್ಟು ತಗ್ಗಿತು. ಆದರೆ ಬ್ಯುಪ್ರೆನಾರ್ಫಿನ್ ಗುಂಪಿನಿಂದ ನಡುವೆಯೇ ಚಿಕಿತ್ಸೆ ಬಿಟ್ಟುಹೋದವರೂ ಹೆಚ್ಚಾಗಿದ್ದರು. ಎಲ್ಲರಿಗೂ ಹೊಂದುವ ಒಂದೇ ಔಷಧವಿಲ್ಲವೆಂಬುದನ್ನು ಇದರಿಂದ ತಿಳಿಯಬೇಕು. ಭಾರತದಲ್ಲಿ ಏಡ್ಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ಅಂಗವಾಗಿ ಈ ಎರಡೂ ಔಷಧಗಳು ಸರಕಾರಿ ಕೇಂದ್ರಗಳಲ್ಲಿ ದೊರೆಯತೊಡಗಿ ಹತ್ತು ವರ್ಷಗಳಿಗೂ ಮೇಲಾಯಿತು. ಔಷಧವಿದೆ, ಅಲ್ಲಿಗೆ ಹೆಂಗಸರು, ಅದರಲ್ಲಿಯೂ ಬಸುರಿಯರು, ಸಂಕೋಚವಿಲ್ಲದೆ ಹೋಗಿಬರುವ ದಾರಿಯನ್ನು ಮಾಡಿಕೊಡಬೇಕಾಗಿದೆ.

ಇನ್ನು ಹುಟ್ಟಿದ ಕೂಸಿನ ಮಾತು. ಹೊಕ್ಕುಳ ಬಳ್ಳಿಯನ್ನು ಕತ್ತರಿಸಿದ ಕ್ಷಣವೇ ತಾಯಿಯಿಂದ ಬರುತ್ತಿದ್ದ ವಸ್ತುವೂ ನಿಲ್ಲುತ್ತದೆ. ಒಂದರಿಂದ ಮೂರು ದಿನಗಳೊಳಗೆ, ಕೆಲವು ಔಷಧಗಳ ವಿಷಯದಲ್ಲಿ ಇನ್ನೂ ತಡವಾಗಿ, ಕೂಸಿನಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೀರಲು ದನಿಯ, ಸಮಾಧಾನಕ್ಕೆ ಬಗ್ಗದ ಅಳು, ಕೈಕಾಲುಗಳ ನಡುಕ, ಮೇಲಿಂದ ಮೇಲೆ ಸೀನು, ಹಸಿವಿದ್ದೂ ಮೊಲೆಯನ್ನು ಹಿಡಿಯಲಾರದ ಒದ್ದಾಟ, ವಾಂತಿ, ಭೇದಿ, ಒಮ್ಮೊಮ್ಮೆ ಸೆಳವು. ಇದಕ್ಕೆ ಅಂಕಗಳನ್ನು ಕೊಟ್ಟು ಅಳೆಯುವ ಕ್ರಮವನ್ನು ಅಮೆರಿಕದ ವೈದ್ಯೆ ಲೊರೆಟಾ ಫಿನ್ನೆಗನ್ 1975ರಲ್ಲಿ ರೂಪಿಸಿದರು. ಗಮನಿಸಬೇಕಾದ ಸಂಗತಿಯೆಂದರೆ ಈ ಸ್ಥಿತಿಯು ಚಿಕಿತ್ಸೆಗೆ ಬಗ್ಗುವಂಥದು. ಕೂಸು ‘ಹುಟ್ಟುವ್ಯಸನಿ’ ಎಂಬ ಮಾತು ಅಜ್ಞಾನದ್ದು. ಕೂಸಿಗೆ ಆಸೆಯೂ ಇಲ್ಲ, ಚಟವೂ ಇಲ್ಲ. ಕೆಲವು ದಿನಗಳ ದೇಹಬಾಧೆ ಮಾತ್ರ ಇದೆ.

ತೊಡಕಿರುವುದು ದಿನಗಳ ಲೆಕ್ಕದಲ್ಲಿ. ಸಹಜ ಹೆರಿಗೆಯಾದ ತಾಯಿಯನ್ನು 48 ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕೆಂಬುದು ಸರಕಾರದ ನಿಯಮ. ಹಾಸಿಗೆಗಳ ಅಭಾವದಲ್ಲಿ ಅದೂ ಎಲ್ಲ ಕಡೆಯೂ ನಡೆಯುವುದಿಲ್ಲ. ಅಫೀಮು ವರ್ಗದ ವಸ್ತುವಿಗೆ ಒಳಗಾದ ಕೂಸನ್ನು ನಾಲ್ಕರಿಂದ ಏಳು ದಿನಗಳವರೆಗಾದರೂ ಆಸ್ಪತ್ರೆಯಲ್ಲಿಟ್ಟು ನೋಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಈ ಎರಡರ ಅಂತರದಲ್ಲಿ ಕೂಸಿನ ಪ್ರಾಣ ಸಿಕ್ಕಿಕೊಂಡಿದೆ. ವಿಷಯವನ್ನು ಮುಚ್ಚಿಟ್ಟ ತಾಯಿ ಎರಡನೆಯ ದಿನ ಮನೆಗೆ ಹೋಗುತ್ತಾಳೆ. ಮೂರನೆಯ ದಿನ ಕೂಸು ಕಿರುಚತೊಡಗುತ್ತದೆ. ಮನೆಯ ಹಿರಿಯರು ದೃಷ್ಟಿ ತಾಕಿತೆಂದು ಮೆಣಸಿನಕಾಯಿ ನಿವಾಳಿಸುತ್ತಾರೆ. ಇದಕ್ಕಿಂತ ಭಯಂಕರವಾದುದು, ಯಾರೋ ತಿಳಿದವರೆನಿಸಿಕೊಂಡವರು ‘ಸ್ವಲ್ಪ ಅಫೀಮು ನೆಕ್ಕಿಸಿ, ಮಲಗುತ್ತದೆ’ ಎನ್ನುವುದು. ಕೂಸು ಮಲಗುತ್ತದೆ, ಅಳತೆಯಿಲ್ಲದೆ ಕೊಟ್ಟ ಅಫೀಮು ಉಸಿರಾಟವನ್ನೇ ನಿಲ್ಲಿಸಿದರೆ ಏಳುವುದಿಲ್ಲ.

ಇಂಥ ಕೂಸಿಗೆ ಏನು ಚಿಕಿತ್ಸೆ? ಹಿಂದೆ ಕೂಸನ್ನು ತಾಯಿಯಿಂದ ಬೇರ್ಪಡಿಸಿ, ಪ್ರಕಾಶಮಾನವಾದ ದೀಪಗಳ ಕೆಳಗೆ ಯಂತ್ರಗಳ ನಡುವೆ ಇರಿಸಿ, ಅಂಕಗಳು ಏರಿದಂತೆ ಮಾರ್ಫಿನ್ ಹನಿಗಳನ್ನು ಕೊಡುತ್ತಿದ್ದರು. ಇತ್ತೀಚೆಗೆ ಬೇರೊಂದು ದಾರಿ ಕಂಡಿದೆ. ಕೂಸು ಉಣ್ಣುತ್ತಿದೆಯೇ, ಮಲಗುತ್ತಿದೆಯೇ, ಎತ್ತಿಕೊಂಡರೆ ಸಮಾಧಾನವಾಗುತ್ತಿದೆಯೇ ಎಂಬ ಮೂರನ್ನೇ ನೋಡುವುದು. ಮಂದ ಬೆಳಕಿನ ನಿಶ್ಶಬ್ದವಾದ ಕೋಣೆಯಲ್ಲಿ ತಾಯಿಯ ಎದೆಗೆ ಒರಗಿಸಿ, ಬಟ್ಟೆಯಲ್ಲಿ ಸುತ್ತಿ, ಬೇಕೆಂದಾಗ ಹಾಲೂಡಿಸುವುದು. ಇಷ್ಟರಿಂದಲೂ ಆಗದಿದ್ದರೆ ಮಾತ್ರ ಔಷಧ. ಅಮೆರಿಕದ 26 ಆಸ್ಪತ್ರೆಗಳಲ್ಲಿ 1305 ಕೂಸುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಕ್ರಮದಲ್ಲಿ ಕೂಸು ಮನೆಗೆ ಹೋಗಲು ಸಿದ್ಧವಾಗಲು ಸರಾಸರಿ 14.9 ದಿನಗಳು ಬೇಕಾದರೆ ಹೊಸ ಕ್ರಮದಲ್ಲಿ 8.2 ದಿನಗಳು ಸಾಕಾದುವು. ಔಷಧ ಬೇಕಾದ ಕೂಸುಗಳು ನೂರಕ್ಕೆ 52ರಿಂದ 19.5ಕ್ಕೆ ಇಳಿದುವು.

ಇದನ್ನು ಓದುವ ಯಾವ ಕನ್ನಡ ಅಜ್ಜಿಗೂ ನಗು ಬಂದೀತು. ಮಂದ ಬೆಳಕು, ಗಾಳಿಗೆ ಮರೆ, ಬಿಗಿಯಾಗಿ ಸುತ್ತಿದ ಹಳೆಯ ಮೆತ್ತನೆಯ ಸೀರೆ, ಹಗಲಿರುಳೂ ಪಕ್ಕದಲ್ಲಿ ತಾಯಿ: ಇದು ಬಾಣಂತಿಯ ಕೋಣೆಯಲ್ಲದೆ ಮತ್ತೇನು? ಬಾಣಂತಿಗೆ ನೀರು ಕೊಡದಿರುವುದು, ಕೋಣೆಯಲ್ಲಿ ಹೊಗೆ ತುಂಬುವುದು ಮೊದಲಾದ ಆ ಕೋಣೆಯ ತಪ್ಪುಗಳನ್ನು ಮರಳಿ ತರಬೇಕೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ತಾಯಿ ಮತ್ತು ಕೂಸನ್ನು ಅಗಲಿಸಬಾರದೆಂಬ ಅದರ ಮೂಲಭಾವನೆಯನ್ನು ದೊಡ್ಡ ಆಸ್ಪತ್ರೆಗಳು ನೂರು ವರ್ಷ ಮರೆತು ಈಗ ದುಬಾರಿ ಪ್ರಯೋಗಗಳ ಮೂಲಕ ನೆನಪಿಸಿಕೊಂಡಂತೆ ಕಾಣುತ್ತದೆ. ಬದಲಿ ಔಷಧದ ಮೇಲೆ ಸ್ಥಿರವಾಗಿರುವ ತಾಯಿಯು, ಎಚ್‌ಐವಿಯಂಥ ಬೇರೆ ಅಡ್ಡಿಗಳಿಲ್ಲದಿದ್ದರೆ, ಮೊಲೆಯೂಡಿಸುವುದನ್ನೇ ವೈದ್ಯರು ಪ್ರೋತ್ಸಾಹಿಸುತ್ತಾರೆ. ಇನ್ನೂ ಪುಡಿ ಸೇದುತ್ತಿರುವವಳ ವಿಷಯ ಬೇರೆ. ಅಲ್ಲಿ ವೈದ್ಯರು ನಿರ್ಧರಿಸಬೇಕು.

ಹಾಗಾದರೆ ಕಾನೂನು ಅಡ್ಡಿಯೇ? ಅಡ್ಡಿಯೆಂದು ಭಾವಿಸಿದವರೇ ಹೆಚ್ಚು. 1985ರ ಕಾಯಿದೆಯಲ್ಲಿ ಸೇವನೆಯೂ ಅಪರಾಧವೆಂಬುದು ನಿಜ. ಆದರೆ 2001ರಲ್ಲಿ ತಿದ್ದುಪಡಿಯಾದ ಅದರ 64ಎ ಪ್ರಕರಣದ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ಸರಕಾರದ ಅಥವಾ ಸರಕಾರದ ಮನ್ನಣೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಮೊಕದ್ದಮೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕೆಂಬುದಷ್ಟೆ ಷರತ್ತು. ಇದಕ್ಕಿಂತಲೂ ಮುಖ್ಯವಾದುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ. ಮದ್ಯ ಮತ್ತು ಮಾದಕ ದ್ರವ್ಯಗಳಿಂದಾಗುವ ಮನಸ್ಸಿನ ಸ್ಥಿತಿಗಳನ್ನು ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಅದರ 21ನೆಯ ಪ್ರಕರಣವು, ಚಿಕಿತ್ಸೆಗಾಗಿ ದಾಖಲಾದ ತಾಯಿಯಿಂದ ಮೂರು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು ವಿಧಿಸುತ್ತದೆ. ಮಗುವಿಗೆ ಹಾನಿಯ ಸಂಭವವಿದೆಯೆಂದು ಮನೋವೈದ್ಯರು ಅಭಿಪ್ರಾಯಪಟ್ಟರೆ ಅಗಲಿಸಬಹುದು. ಆಗಲೂ ಹದಿನೈದು ದಿನಗಳಿಗೊಮ್ಮೆ ಮರುಪರಿಶೀಲನೆ ಆಗಬೇಕು. ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ತಾಯಿಯನ್ನು ಒಂದು ಕಟ್ಟಡದಲ್ಲಿಯೂ ಕೂಸನ್ನು ಇನ್ನೊಂದು ಕಟ್ಟಡದಲ್ಲಿಯೂ ಇಡುವುದಕ್ಕೆ ಸಮರ್ಥನೆಯಿಲ್ಲ.

ಶಿಕ್ಷೆಯ ದಾರಿಯನ್ನು ಪರೀಕ್ಷಿಸಿ ನೋಡಿದ ಉದಾಹರಣೆಯೂ ಇದೆ. ಅಮೆರಿಕದ ಟೆನೆಸ್ಸಿ ರಾಜ್ಯವು 2014ರಲ್ಲಿ, ಬಸಿರಿನಲ್ಲಿ ಮಾದಕ ದ್ರವ್ಯ ಸೇವಿಸಿ ಕೂಸಿಗೆ ಹಾನಿ ಮಾಡಿದ ತಾಯಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡುವ ಕಾನೂನನ್ನು ಮಾಡಿತು. ಬಸುರಿಯರು ಆಸ್ಪತ್ರೆಗಳಿಂದಲೇ ದೂರ ಸರಿಯತೊಡಗಿದರೆಂದು ವೈದ್ಯರು ದೂರಿದರು. ಎರಡು ವರ್ಷಗಳ ಅವಧಿ ಮುಗಿದಾಗ, 2016ರಲ್ಲಿ, ಶಾಸಕರು ಅದನ್ನು ಮುಂದುವರಿಸದೆ ಬಿಟ್ಟುಬಿಟ್ಟರು. ಇದಕ್ಕೆ ವ್ಯತಿರಿಕ್ತವಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮೇರಿ ಹೆಪ್‌ಬರ್ನ್ ಎಂಬ ಪ್ರಸೂತಿ ತಜ್ಞೆಯು 1990ರಲ್ಲಿಯೇ ಇಂಥ ಹೆಂಗಸರಿಗಾಗಿ ಒಂದು ವಿಶೇಷ ಸೇವೆಯನ್ನು ತೆರೆದರು. ಕೆನಡಾದ ವ್ಯಾಂಕೂವರ್‌ನಲ್ಲಿ 2003ರಲ್ಲಿ ಆರಂಭವಾದ ‘ಫರ್ ಸ್ಕ್ವೇರ್’ ಎಂಬ ವಾರ್ಡಿನಲ್ಲಿ ತಾಯಿಯ ವ್ಯಸನದ ಚಿಕಿತ್ಸೆ, ಹೆರಿಗೆ, ಕೂಸಿನ ಆರೈಕೆ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ. ಕೂಸು ತಾಯಿಯ ಕೋಣೆಯಲ್ಲಿಯೇ ಇರುತ್ತದೆ.

ಕನ್ನಡಿಗರು ಇದಕ್ಕಾಗಿ ಕೆನಡಾದವರೆಗೆ ನೋಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿಯೇ ತಾಯಿ ಮತ್ತು ಕೂಸನ್ನು ಒಟ್ಟಿಗೆ ದಾಖಲು ಮಾಡಿಕೊಳ್ಳುವ ಮನೋವೈದ್ಯ ವಾರ್ಡನ್ನು ತೆರೆಯಿತು. ಹೆರಿಗೆಯ ಮುಂಚಿನ ಮತ್ತು ಅನಂತರದ ಮಾನಸಿಕ ಕಾಯಿಲೆಗಳಿಗಾಗಿ ಹುಟ್ಟಿದ ವ್ಯವಸ್ಥೆ ಅದು. ಅದೇ ಆವರಣದಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವೂ ಇದೆ. ಕಾಯಿಲೆ ಬಿದ್ದ ತಾಯಿಯ ಪಕ್ಕದಲ್ಲಿ ಕೂಸು ಸುರಕ್ಷಿತವಾಗಿ ಬೆಳೆಯಬಲ್ಲದೆಂಬುದಕ್ಕೆ ಈ ನಾಡಿನದೇ ಆದ ಸಾಕ್ಷಿ ಅಲ್ಲಿದೆ.

ಕಾಶಿಯಲ್ಲಿಯೂ ಇದಕ್ಕೆ ಬೇಕಾದ ಸಾಮಗ್ರಿ ಇಲ್ಲದೆ ಇಲ್ಲ. ಹಿಂದೂ ವಿಶ್ವವಿದ್ಯಾನಿಲಯದ ವೈದ್ಯ ವಿಜ್ಞಾನ ಸಂಸ್ಥೆಯ ಸರ್ ಸುಂದರಲಾಲ್ ಆಸ್ಪತ್ರೆಗೆ ಪೂರ್ವಾಂಚಲದ ಜಿಲ್ಲೆಗಳಿಂದಲೂ ನೆರೆಯ ಬಿಹಾರದಿಂದಲೂ ರೋಗಿಗಳು ಬರುತ್ತಾರೆ. 2021ರ ಜುಲೈ ತಿಂಗಳಿನಲ್ಲಿ ಆ ವಿಶ್ವವಿದ್ಯಾನಿಲಯದಲ್ಲಿ ತಾಯಿ ಮತ್ತು ಶಿಶುಗಳಿಗಾಗಿ 100 ಹಾಸಿಗೆಗಳ ಹೊಸ ವಿಭಾಗವೊಂದು ಉದ್ಘಾಟನೆಯಾಯಿತು. ಮನೋವೈದ್ಯ ವಿಭಾಗವೂ ಅದೇ ಸಂಸ್ಥೆಯದು. ನೂರು ಹಾಸಿಗೆಗಳಲ್ಲಿ ನಾಲ್ಕನ್ನು ಇಂಥ ತಾಯಂದಿರಿಗೆಂದು ಗುರುತಿಸಿ, ವಾರಕ್ಕೆ ಎರಡು ದಿನ ಮನೋವೈದ್ಯರು ತಾವಾಗಿ ಅಲ್ಲಿಗೆ ನಡೆದುಬರುವಂತೆ ಮಾಡುವುದು ಹೊಸ ಕಟ್ಟಡವನ್ನೇನೂ ಕೇಳುವುದಿಲ್ಲ. ಬಸುರಿಯು ವಿಭಾಗದಿಂದ ವಿಭಾಗಕ್ಕೆ ಅಲೆಯುವ ಬದಲು ವೈದ್ಯರು ಓಡಾಡಬೇಕು, ಅಷ್ಟೆ. ಆ ವಿಶ್ವವಿದ್ಯಾನಿಲಯದ ಪ್ರಥಮ ಕುಲಾಧಿಪತಿಗಳಾಗಿದ್ದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಬೆಂಗಳೂರಿನ ಅನುಭವವು ಕಾಶಿಗೆ ಹೋಗುವುದಾದರೆ ಅದು ಹಳೆಯ ದಾರಿಯಲ್ಲಿಯೇ ಹೋದಂತಾಗುತ್ತದೆ.

ಇದಕ್ಕೆಲ್ಲ ಹಣವೆಲ್ಲಿಂದ, ಒಳ್ಳೆಯ ತಾಯಂದಿರಿಗೇ ಹಾಸಿಗೆಯಿಲ್ಲದಿರುವಾಗ ಇಂಥವರಿಗೇಕೆ ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆಯ ಮೊದಲ ಅರ್ಧ ನ್ಯಾಯವಾದದ್ದು. ಮುಚ್ಚಿಟ್ಟ ವ್ಯಸನದಿಂದ ದಿನ ತುಂಬದೆ ಹುಟ್ಟಿದ ಕೂಸು ವಾರಗಟ್ಟಲೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇರಬೇಕಾಗುತ್ತದೆ. ತಾಯಿಗೆ ಕೊಡುವ ದಿನದ ಮಾತ್ರೆಯ ಬೆಲೆಯನ್ನು ಆ ಘಟಕದ ಒಂದು ದಿನದ ಖರ್ಚಿನೊಂದಿಗೆ ಯಾರಾದರೂ ಹೋಲಿಸಿ ನೋಡಬಹುದು. ಪ್ರಶ್ನೆಯ ಎರಡನೆಯ ಅರ್ಧಕ್ಕೆ ಉತ್ತರಿಸುವುದು ಕಷ್ಟ, ಏಕೆಂದರೆ ಅದು ಪ್ರಶ್ನೆಯೇ ಅಲ್ಲ, ತೀರ್ಪು. ಸಕ್ಕರೆ ಕಾಯಿಲೆಯಿರುವ ಬಸುರಿಯು ಹಬ್ಬದ ದಿನ ಹೋಳಿಗೆ ತಿಂದು ಬಂದರೆ ಅವಳಿಗೆ ಇನ್ಸುಲಿನ್ ನಿರಾಕರಿಸುವ ವೈದ್ಯರಿಲ್ಲ. ವ್ಯಸನವೂ ಬಿಟ್ಟೂ ಮರುಕಳಿಸುವ ಕಾಯಿಲೆಯೇ. ಬಸಿರಿನ ಆ ಒಂಬತ್ತು ತಿಂಗಳು, ಬೇರೆಲ್ಲ ಕಾಲದಲ್ಲಿ ಚಿಕಿತ್ಸೆಗೆ ಒಲ್ಲೆನೆನ್ನುವ ಹೆಂಗಸು ಕೂಸಿಗಾಗಿಯಾದರೂ ಒಪ್ಪುವ ಕಾಲ. ಆ ಬಾಗಿಲು ಸಂಸಾರದಲ್ಲಿ ಮತ್ತೆ ಮತ್ತೆ ತೆರೆಯುವಂಥದಲ್ಲ. ಹೆರಿಗೆಯೊಂದಿಗೆ ಚಿಕಿತ್ಸೆ ಮುಗಿಯಿತೆಂದು ಕೈತೊಳೆದುಕೊಳ್ಳುವುದೂ ತಪ್ಪು. ನಿದ್ರೆಗೆಟ್ಟ ಬಾಣಂತನದ ತಿಂಗಳುಗಳಲ್ಲಿಯೇ ಮರಳಿ ಬೀಳುವವರು ಹೆಚ್ಚು. ಗಂಡನು ಅದೇ ಮನೆಯಲ್ಲಿ ಅದೇ ಪುಡಿಯನ್ನು ಸೇದುತ್ತಿದ್ದರೆ ಅವಳೊಬ್ಬಳಿಗೆ ಮಾತ್ರೆ ಕೊಟ್ಟು ಏನು ಪ್ರಯೋಜನ? ಅವನನ್ನೂ ಕರೆತರಬೇಕು.

ಇದು ಕಾಶಿಯ ಓಣಿಯ ಕಥೆ, ಮಾಟುಂಗಾದ ಫ್ಲ್ಯಾಟಿಗೆ ಸಂಬಂಧಿಸಿದ್ದಲ್ಲ ಎಂದು ಯಾರೂ ಪುಟ ತಿರುವಬೇಕಾಗಿಲ್ಲ. ಮಹಾನಗರದ ಒಂಟಿತನದಲ್ಲಿ ನಿದ್ರೆಯ ಗುಳಿಗೆಗೆ ಅಂಟಿಕೊಂಡ ಹೆಂಗಸರಿದ್ದಾರೆ. ತಲೆನೋವಿಗೆಂದು ಆರಂಭಿಸಿದ ಮಾತ್ರೆಯನ್ನು ಪರ್ಸಿನಿಂದ ತೆಗೆಯಲಾರದವರಿದ್ದಾರೆ. ಪಾರ್ಟಿಯ ಒಂದು ಗ್ಲಾಸಿನಿಂದ ಏನೂ ಆಗುವುದಿಲ್ಲವೆಂದು ನಂಬಿದ ಬಸುರಿಯರೂ ಇದ್ದಾರೆ. ಮದ್ಯದಿಂದ ಹೊಟ್ಟೆಯ ಕೂಸಿನ ಮಿದುಳಿಗೂ ಮುಖದ ರಚನೆಗೂ ಆಗುವ ಹಾನಿಗೆ ಅಮೆರಿಕದ ವೈದ್ಯರು 1973ರಲ್ಲಿ ಹೆಸರಿಟ್ಟರು. ಬಸಿರಿನಲ್ಲಿ ಇಷ್ಟು ಮದ್ಯ ನಿರಪಾಯಕರವೆಂದು ಹೇಳಬಲ್ಲ ಪ್ರಮಾಣ ಯಾವುದೂ ಇಲ್ಲ. ನಿದ್ರೆಯ ಗುಳಿಗೆಯಾಗಲಿ ಹೆಚ್ಚು ಮದ್ಯವಾಗಲಿ ರೂಢಿಯಾಗಿದ್ದರೆ ಅದನ್ನೂ ಒಮ್ಮೆಗೇ ನಿಲ್ಲಿಸುವಂತಿಲ್ಲ. ಸೆಳವು ಬರುವ ಭಯವಿದೆ, ವೈದ್ಯರ ಕೈಯಲ್ಲಿಯೇ ತಗ್ಗಿಸಬೇಕು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಆರೋಗ್ಯ ತಪಾಸಣೆಯ ಶಿಬಿರಗಳನ್ನು ಏರ್ಪಡಿಸುವ ಕನ್ನಡ ಸಂಘಗಳು ರಕ್ತದೊತ್ತಡ, ಸಕ್ಕರೆಗಳ ಮೇಜಿನ ಪಕ್ಕದಲ್ಲಿ ಒಬ್ಬ ಮನೋವೈದ್ಯೆಗೆ ಪರದೆ ಹಾಕಿದ ಒಂದು ಮೂಲೆಯನ್ನು ಕೊಡಲಿ. ಆ ಮೇಜಿನ ಮೇಲೆ ‘ವ್ಯಸನ’ ಎಂಬ ಫಲಕವನ್ನು ಮಾತ್ರ ಹಾಕದಿರಲಿ. ಹಾಕಿದರೆ ಯಾರೂ ಆ ಕಡೆ ಸುಳಿಯಲಾರರು.

ಎಲ್ಲದರ ಆರಂಭ ಒಂದು ಪ್ರಶ್ನೆಯಲ್ಲಿದೆ. ಪ್ರತಿ ತಿಂಗಳಿನ 9ನೆಯ ತಾರೀಖು ದೇಶದಾದ್ಯಂತ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯಬೇಕೆಂಬ ವ್ಯವಸ್ಥೆ 2016ರಿಂದ ಜಾರಿಯಲ್ಲಿದೆ. ಆ ದಿನ ತೂಕ ನೋಡುತ್ತಾರೆ, ರಕ್ತ ನೋಡುತ್ತಾರೆ, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ಸ್ಥಿತಿಯನ್ನು ನೋಡುತ್ತಾರೆ. ತಂಬಾಕು, ಮದ್ಯ, ನೋವಿನ ಮಾತ್ರೆ, ಭಂಗಿ, ಪುಡಿ, ಇವುಗಳಲ್ಲಿ ಯಾವುದಾದರೂ ರೂಢಿಯುಂಟೇ ಎಂದು ಪ್ರತಿಯೊಬ್ಬ ಬಸುರಿಯನ್ನೂ, ಸಿರಿವಂತೆ ಬಡವೆ ಎಂಬ ಭೇದವಿಲ್ಲದೆ, ಪ್ರತಿ ಭೇಟಿಯಲ್ಲಿಯೂ ಕೇಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಶಿಫಾರಸು. ಎಲ್ಲರನ್ನೂ ಕೇಳಿದಾಗ ಯಾರಿಗೂ ಅವಮಾನವಾಗುವುದಿಲ್ಲ. ಗಂಡನನ್ನೂ ಅತ್ತೆಯನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಮುಂದೆಮಾಡಿ, ಬರೆದುಕೊಳ್ಳುವ ಪೆನ್ನನ್ನು ಒಂದು ಕ್ಷಣ ಮೇಜಿನ ಮೇಲಿಟ್ಟು ಕೇಳಬೇಕು. ಉತ್ತರ ಬರುವವರೆಗೆ ಸ್ವಲ್ಪ ಕಾಯಬೇಕು.